ವೀರಗಲ್ಲಿನ ಸುರಾಂಗನೆಗೆ ಬದುಕಿದವನ ಮೇಲೆ ಮನಸ್ಸಾದರೆ

ಯಗಚಿ ದಂಡೆ, ಬೇಲೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಹದಿನಾರು ಕಂತು ಬರೆದು ಹದಿನೇಳನೆಯದರಲ್ಲಿ ನಿಂತುಬಿಟ್ಟಿದ್ದೇನೆ. ಕಥೆಯನ್ನು ಹೇಗೆ ಮುಗಿಸಬೇಕೆಂದು ತಿಳಿಯುತ್ತಿಲ್ಲ. ನಿಮ್ಮನ್ನೇ ಕೇಳೋಣ ಎಂದು ಬಂದೆ.

ಓದದವರಿಗಾಗಿ ಸ್ವಲ್ಪ ಹೇಳುತ್ತೇನೆ. ನಮ್ಮೂರ ಕೆರೆ ಏರಿಯಲ್ಲಿ, ಹುಣಸೆಮರದ ಬುಡದಲ್ಲಿ ಒಂದು ವೀರಗಲ್ಲಿದೆ. ಎದೆಯೆತ್ತರದ ಕಲ್ಲು. ಕೆಳಗಿನ ಪಟ್ಟಿಕೆ ಅರ್ಧ ಮಣ್ಣಿನಲ್ಲಿ ಹೂತಿದೆ. ಅಲ್ಲಿ ಒಂದು ಕುದುರೆ, ಒಂದು ಬಿಲ್ಲು ಕಾಣುತ್ತವೆ. ನಡುವಿನ ಪಟ್ಟಿಕೆಯಲ್ಲಿ ಸತ್ತ ವೀರನನ್ನು ಇಬ್ಬರು ಸುರಾಂಗನೆಯರು, ಅಂದರೆ ದೇವಲೋಕದ ಹೆಣ್ಣುಗಳು, ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ಮೇಲಿನದರಲ್ಲಿ ಶಿವಲಿಂಗ, ಕೈಮುಗಿದು ಕುಳಿತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ನಮ್ಮ ಸೀಮೆಯಲ್ಲಿ ಹೊಸದೇನಲ್ಲ. ಚಿಕ್ಕಂದಿನಲ್ಲಿ ಒಗೆದ ಬಟ್ಟೆಯನ್ನು ಅದರ ನೆತ್ತಿಯ ಮೇಲೆ ಹರವಿದವಳು ನಾನು. ಎರಡು ವರ್ಷದ ಹಿಂದೆ ಒಂದು ಸಂಜೆ ಇಳಿಬಿಸಿಲು ಓರೆಯಾಗಿ ಬಿದ್ದಾಗ ಮೊದಲ ಸಲ ಸರಿಯಾಗಿ ಕಂಡಿತು. ಬಲಗಡೆಯ ಹೆಣ್ಣು ವೀರನ ತೋಳು ಹಿಡಿದಿದ್ದಾಳೆ, ಮುಖ ಮಾತ್ರ ಅವನ ಕಡೆಗಿಲ್ಲ. ಕುತ್ತಿಗೆ ತಿರುಗಿಸಿ ಕೆಳಗೆ ರಣದ ಕಡೆ ನೋಡುತ್ತಿದ್ದಾಳೆ. ಯಾರನ್ನು?

ಕಥೆ ಹುಟ್ಟಿದ್ದು ಅಲ್ಲಿಂದ. ಅವಳಿಗೆ ಸಾವಿಲ್ಲ. ರಣದಲ್ಲಿ ಬಿದ್ದವರನ್ನು ಕರೆದೊಯ್ಯುವುದು ಅವಳಿಗೆ ಒಪ್ಪಿಸಿದ ಕೆಲಸ. ಆ ದಿನ ಅವಳ ಮನಸ್ಸು ನೆಟ್ಟದ್ದು ಸತ್ತವನ ಬಾಯಿಗೆ ನೀರು ಬಿಡುತ್ತಿದ್ದ ಅವನ ಗೆಳೆಯನ ಮೇಲೆ. ಅವನು ಗಾಯಗೊಂಡಿದ್ದ, ಸಾಯಲಿಲ್ಲ. ಬದುಕಿರುವವರನ್ನು ಅವಳು ಮುಟ್ಟುವಂತಿಲ್ಲ. ಹಾಸಿಗೆಯಲ್ಲಿ ಸತ್ತವರು ಅವಳ ಪಾಲಿನವರಲ್ಲ. ಹೀಗೆ ಅವನು ಹುಟ್ಟುತ್ತಾನೆ, ಸಾಯುತ್ತಾನೆ, ಮತ್ತೆ ಹುಟ್ಟುತ್ತಾನೆ, ಪ್ರತಿ ಸಲವೂ ಮರೆಯುತ್ತಾನೆ. ಅವಳಿಗೆ ಮರೆವೆಂಬುದೇ ಇಲ್ಲ. ಈ ಜನ್ಮದಲ್ಲಿ ಅವನು ನಮ್ಮ ತಾಲ್ಲೂಕಿನಲ್ಲಿ ಲೈನ್‌ಮನ್. ಮಳೆಗಾಲದ ರಾತ್ರಿ ಅವನು ವಿದ್ಯುತ್ ಕಂಬ ಹತ್ತಿದಾಗ ಅವಳು ಕೆಳಗೆ ನಿಂತಿರುತ್ತಾಳೆ.

ಹದಿನಾರನೆಯ ಕಂತಿನಲ್ಲಿ ಅವಳು ಅವನ ಕಣ್ಣಿಗೆ ಬಿದ್ದಳು. ಇನ್ನು ಮುಂದೆ? ಅವನನ್ನು ಅಮರನನ್ನಾಗಿ ಮಾಡಿ ಒಮ್ಮೆ ಬರೆದೆ. ಅವಳೇ ಅಮರತ್ವ ಬಿಟ್ಟು ಇಳಿದು ಬಂದು ಸಂಸಾರ ಹೂಡಿದಂತೆ ಇನ್ನೊಮ್ಮೆ ಬರೆದೆ. ಎರಡನ್ನೂ ಹರಿದುಹಾಕಿದೆ. ಎಲ್ಲಿಯೋ ಓದಿದ್ದನ್ನು ನಮ್ಮೂರಿಗೆ ತಂದು ಕೂರಿಸಿದಂತಿತ್ತು.

ಹೂಮಳೆ, ಚಿಕ್ಕಮಗಳೂರು

ಅಕ್ಕಾ, ದಯವಿಟ್ಟು ಇಬ್ಬರನ್ನೂ ಸೇರಿಸಿ. ಇದು ನನ್ನ ಒಂದೇ ಬೇಡಿಕೆ.

ಕೊಯ್ಲಿನ ದಿನಗಳಲ್ಲಿ ರಾತ್ರಿ ಕಾಫಿ ಹಣ್ಣಿನ ತೂಕದ ಲೆಕ್ಕವೆಲ್ಲ ಬರೆದು ಮುಗಿಸಿ, ಹತ್ತು ಗಂಟೆಗೆ ಮೊಬೈಲ್ ಹಿಡಿದು ನಿಮ್ಮ ಕಂತು ಓದುತ್ತಿದ್ದೆ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಹಿತ್ತಿಲ ಜಗಲಿಯಲ್ಲಿ ಮಾತ್ರ. ಚಳಿಯಲ್ಲಿ ಕಂಬಳಿ ಹೊದ್ದು ಅಲ್ಲಿ ಕುಳಿತು, ಅವಳು ಕಂಬದ ಕೆಳಗೆ ನಿಲ್ಲುವ ಆ ಭಾಗವನ್ನು ಮೂರು ಸಲ ಓದಿದ್ದೇನೆ. ಅಮರರ ಪ್ರೇಮಕಥೆಗಳನ್ನು ನಾನು ಓದುವುದು ಒಂದೇ ಕಾರಣಕ್ಕೆ: ಅಲ್ಲಿ ಯಾರೋ ಒಬ್ಬರು ಕಾಯುತ್ತಾರೆ. ನಮ್ಮ ಸುತ್ತ ಯಾರು ಯಾರಿಗಾಗಿ ಅಷ್ಟು ಕಾಯುತ್ತಾರೆ? ಮನೆಯಲ್ಲಿ ಒಪ್ಪಲಿಲ್ಲ ಎಂದರೆ ಆರು ತಿಂಗಳಲ್ಲಿ ಬೇರೆ ಕಡೆ ನಿಶ್ಚಯವಾಗುತ್ತದೆ. ಎಂಟು ನೂರು ವರ್ಷ ಕಾದವಳಿಗೆ ಕೊನೆಗೂ ಏನೂ ಸಿಗದಿದ್ದರೆ ಓದಿದವರ ಗತಿ ಏನು?

ಅಮೃತ ಕುಡಿಸಿಯೋ, ಯಾವುದಾದರೂ ಋಷಿಯ ವರದಿಂದಲೋ, ಅವನನ್ನೂ ಅವಳ ಜೊತೆಗೆ ಕಳುಹಿಸಿ. ಕಥೆಯಲ್ಲಾದರೂ ಆಗಲಿ.

ಕೆಂಪುಹೊಳೆ, ಸಕಲೇಶಪುರ

ನಾನು ಪದವಿ ಓದುತ್ತಿರುವವಳು. ಈ ಬಗೆಯ ಕಥೆಗಳನ್ನು ತುಂಬಾ ಓದಿದ್ದೇನೆ, ಇಷ್ಟವೂ ಹೌದು. ಆದರೂ ಒಂದು ವಿಷಯ ನನ್ನನ್ನು ಕೊರೆಯುತ್ತದೆ. ಮುನ್ನೂರು ವರ್ಷ ವಯಸ್ಸಿನ ಅಮರ ಹದಿನೆಂಟರ ಹುಡುಗಿಯ ಹಿಂದೆ ಬೀಳುತ್ತಾನೆ. ಅವಳು ಮಲಗಿರುವಾಗ ಕಿಟಕಿಯಲ್ಲಿ ನಿಂತು ನೋಡುತ್ತಾನೆ. ಅವಳು ಯಾರ ಜೊತೆ ಮಾತನಾಡಬೇಕು, ಎಲ್ಲಿಗೆ ಹೋಗಬೇಕು ಎಂದು ಅವನೇ ತೀರ್ಮಾನಿಸುತ್ತಾನೆ. ಅದಕ್ಕೆ ‘ಕಾಪಾಡುವುದು’ ಎಂಬ ಹೆಸರು. ನಮ್ಮ ಕಾಲೇಜಿನ ದಾರಿಯಲ್ಲಿ ಒಬ್ಬ ಹಾಗೆ ಮಾಡಿದರೆ ನಾವು ಮನೆಯವರಿಗೆ ಹೇಳುತ್ತೇವೆ, ಪೊಲೀಸರಿಗೆ ದೂರು ಕೊಡುತ್ತೇವೆ.

ನಿಮ್ಮ ಕಥೆಯಲ್ಲಿ ಅಮರಳು ಹೆಣ್ಣು, ನಿಜ. ಆದರೂ ಅವಳಿಗೆ ಎಲ್ಲವೂ ಗೊತ್ತು, ಅವನಿಗೆ ಏನೂ ಗೊತ್ತಿಲ್ಲ. ಅವಳು ಅವನ ಹತ್ತು ಜನ್ಮಗಳನ್ನು ನೋಡಿದ್ದಾಳೆ, ಅವನಿಗೆ ಅವಳ ಹೆಸರೂ ತಿಳಿದಿಲ್ಲ. ಈ ಅಸಮಾನತೆಯನ್ನು ಸರಿಪಡಿಸದೆ ಇಬ್ಬರನ್ನೂ ಸೇರಿಸಿದರೆ ನನಗೆ ಒಪ್ಪಿಗೆಯಾಗುವುದಿಲ್ಲ.

ದಮಯಂತಿಯನ್ನು ನೆನಪಿಸಿಕೊಳ್ಳಿ. ಸ್ವಯಂವರದಲ್ಲಿ ಐವರು ನಳರು ಕುಳಿತಿದ್ದಾರೆ, ಅವರಲ್ಲಿ ನಾಲ್ವರು ನಳನ ರೂಪ ತಾಳಿದ ದೇವತೆಗಳು. ಕಣ್ಣು ಮಿಟುಕದವರು, ಬೆವರದವರು, ನೆಲಕ್ಕೆ ಕಾಲು ತಾಗದವರು, ನೆರಳಿಲ್ಲದವರು, ಹಾರ ಬಾಡದವರು. ಅವಳು ಮಿಟುಕುವ ಕಣ್ಣು, ಬಾಡಿದ ಹಾರ, ಧೂಳು, ಬೆವರು ಇರುವವನನ್ನು ಹುಡುಕಿ ಮಾಲೆ ಹಾಕಿದಳು. ಆರಿಸಿದ್ದು ಅವಳು, ತಿಳಿದು ಆರಿಸಿದಳು. ನಿಮ್ಮ ಲೈನ್‌ಮನ್‌ಗೆ ಅಂಥ ಒಂದು ಗಳಿಗೆ ಸಿಕ್ಕಿದೆಯೇ?

ನಿವೃತ್ತ ಕನ್ನಡ ಮೇಷ್ಟ್ರು, ಚನ್ನರಾಯಪಟ್ಟಣ

ತಾಯಿ, ನಿಮ್ಮ ಹದಿನಾರು ಕಂತುಗಳನ್ನು ಎರಡು ದಿನದಲ್ಲಿ ಓದಿದೆ. ಕಲ್ಲನ್ನು ನೋಡಲು ಬಲ್ಲವರು ನೀವು. ಹಾಗಾಗಿಯೇ ಉದ್ದವಾಗಿ ಬರೆಯುತ್ತಿದ್ದೇನೆ.

ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಶ್ಲೋಕವಿದೆ: ‘ಜಿತೇನ ಲಭ್ಯತೇ ಲಕ್ಷ್ಮೀಃ ಮೃತೇನಾಪಿ ಸುರಾಂಗನಾ’. ಗೆದ್ದರೆ ಸಂಪತ್ತು, ಸತ್ತರೆ ಸುರಾಂಗನೆ. ದೇಹ ಕ್ಷಣದಲ್ಲಿ ಅಳಿಯುವಂಥದು, ರಣದಲ್ಲಿ ಸಾಯಲು ಚಿಂತೆಯೇಕೆ ಎಂದು ಮುಂದುವರಿಯುತ್ತದೆ. ಅಂದರೆ ನಿಮ್ಮ ನಾಯಕಿ ಒಂದು ಸಂಬಳ. ದುಡಿದು ಸತ್ತವನಿಗೆ ಕೊಡುವ ಬಟವಾಡೆ. ಆ ಶ್ಲೋಕ ಕೆತ್ತಿಸಿದ ಯಾರೂ ಅವಳ ಮನಸ್ಸನ್ನು ಕೇಳಿದವರಲ್ಲ. ನೀವು ಕೇಳಿದ್ದೀರಿ.

ಎರಡನೆಯದು, ಬದುಕಿ ಉಳಿದ ಆ ಗೆಳೆಯನ ಬಗ್ಗೆ. ಅವನು ಬರಿಯ ಗೆಳೆಯನಾಗಿದ್ದರೆ ಕಥೆ ಸಡಿಲ. ಹೊಯ್ಸಳರ ಕಾಲದಲ್ಲಿ ‘ವೇಳೆವಾಳಿ’ ಎಂಬ ಪ್ರತಿಜ್ಞೆಯಿತ್ತು: ಒಡೆಯ ಸತ್ತರೆ ತಾನೂ ಸಾಯುತ್ತೇನೆಂಬ ಭಾಷೆ. ಅಂಥವರಿಗೆ ಗರುಡರೆಂದು ಹೆಸರು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಇರುವ ಕಂಬವನ್ನು ನೀವು ನೋಡಿರುತ್ತೀರಿ. 1220ರಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಕುವರ ಲಕ್ಷ್ಮ ತನ್ನ ಮಡದಿ ಸುಗ್ಗಲದೇವಿಯೊಡನೆ, ಪರಿವಾರದೊಡನೆ ಪ್ರಾಣ ಬಿಟ್ಟದ್ದು ಅಲ್ಲಿ ಕೆತ್ತಿದೆ. ನಿಮ್ಮ ಗೆಳೆಯನೂ ಹೀಗೆ ಭಾಷೆ ಕೊಟ್ಟವನಾಗಿದ್ದು ಸಾಯದೆ ಉಳಿದವನಾದರೆ? ಅವನು ಭಾಷೆಗೆ ತಪ್ಪಿದವನು. ಅವಳು ಅಂಥವನನ್ನು ಮೆಚ್ಚಿದವಳು. ನಿಷೇಧ ಎರಡೂ ಕಡೆಯಿಂದ ಬಿಗಿಯಾಗುತ್ತದೆ.

ಇನ್ನೊಂದು ಸೂಕ್ಷ್ಮ. ವೀರಗಲ್ಲು ನಿಲ್ಲಿಸುತ್ತಿದ್ದುದು ದೊಡ್ಡ ಯುದ್ಧಕ್ಕೆ ಮಾತ್ರವಲ್ಲ. ತುರುಗೊಳ್‌ನಲ್ಲಿ ದನ ಬಿಡಿಸಿ ಸತ್ತವನಿಗೆ, ಪೆಣ್ಬುಯ್ಯಲ್‌ನಲ್ಲಿ ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಬಿದ್ದವನಿಗೆ, ಹುಲಿಯ ಎದುರು ನಿಂತವನಿಗೂ ಕಲ್ಲು ಹಾಕಿದ್ದಾರೆ. ಊರಿಗಾಗಿ ಸತ್ತವನು ವೀರ. ಹಾಗಿದ್ದಮೇಲೆ ಬಿರುಮಳೆಯ ರಾತ್ರಿ ಊರಿಗೆ ಬೆಳಕು ಕೊಡಲು ಕಂಬ ಹತ್ತಿ ಸತ್ತ ಲೈನ್‌ಮನ್ ಯಾವ ಲೆಕ್ಕಕ್ಕೆ ಬರುತ್ತಾನೆ? ಯೋಚಿಸಿ.

ಕೊನೆಗೆ ಹೂಮಳೆಯವರ ಮಾತಿಗೆ ಬರುತ್ತೇನೆ. ಸೇರಿಸಿ ಎನ್ನುತ್ತಾರೆ. ಋಗ್ವೇದದ ಹತ್ತನೆಯ ಮಂಡಲದ 95ನೆಯ ಸೂಕ್ತದಲ್ಲಿಯೇ ಪುರೂರವ ಊರ್ವಶಿಯ ಮುಂದೆ ನಿಂತು ಮರಳಿ ಬಾ ಎಂದು ಅಂಗಲಾಚುತ್ತಾನೆ, ಅವಳು ಗಾಳಿಯಂತೆ ನಾನು ಹಿಡಿಗೆ ಸಿಗುವವಳಲ್ಲ ಎನ್ನುತ್ತಾಳೆ. ಅದು ಹಳೆಯ ದಾರಿ. ನಮ್ಮ ಕನ್ನಡಕ್ಕೆ ಇನ್ನೊಂದು ದಾರಿ ಗೊತ್ತು, ಅದು ಪಂಪನದು. 941ರ ಆದಿಪುರಾಣ. ಸ್ವರ್ಗದಲ್ಲಿ ಲಲಿತಾಂಗನೆಂಬ ದೇವ, ಅವನ ಸ್ವಯಂಪ್ರಭೆ. ಜೈನರ ಸ್ವರ್ಗದಲ್ಲಿ ದೇವರಿಗೂ ಆಯುಷ್ಯ ತೀರುತ್ತದೆ. ತೀರಲು ಆರು ತಿಂಗಳಿರುವಾಗ ಕೊರಳ ಹಾರ ಬಾಡುತ್ತದೆ. ಅವನ ಹಾರ ಬಾಡಿತು. ಅವನು ಭೂಮಿಯಲ್ಲಿ ವಜ್ರಜಂಘನಾಗಿ ಹುಟ್ಟಿದ, ಅವಳು ಶ್ರೀಮತಿಯಾಗಿ ಹುಟ್ಟಿದಳು. ಅವಳಿಗೆ ಹಿಂದಿನ ಜನ್ಮದ ನೆನಪು ಬಂದು, ಅದನ್ನು ಚಿತ್ರಪಟದಲ್ಲಿ ಬರೆದು, ದಾದಿಯ ಕೈಯಲ್ಲಿ ಜಿನಾಲಯಕ್ಕೆ ಕಳುಹಿಸಿದಳು. ಚಿತ್ರ ಕಂಡು ಗುರುತಿಸಿದವನೇ ತನ್ನವನು. ಮದುವೆಯಾಯಿತು. ಒಂದು ರಾತ್ರಿ ಕಿಟಕಿ ತೆರೆಯದ ಶಯನಗೃಹದಲ್ಲಿ ಅಗರುಧೂಪದ ಹೊಗೆ ತುಂಬಿ ಇಬ್ಬರೂ ಒಟ್ಟಿಗೆ ತೀರಿಕೊಂಡರು. ಅಲ್ಲಿಗೂ ಮುಗಿಯಲಿಲ್ಲ. ಜನ್ಮಗಳು ಕಳೆದವು. ಅವನು ಮೊದಲ ತೀರ್ಥಂಕರ ವೃಷಭನಾಥನಾದ. ನಮ್ಮ ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿರುವ ಬಾಹುಬಲಿಯ ತಂದೆ ಅವನೇ. ಸನ್ಯಾಸಿಯಾಗಿ ತಿಂಗಳುಗಟ್ಟಲೆ ಉಪವಾಸ ನಡೆದ. ಮುನಿಗೆ ಹೇಗೆ ಆಹಾರ ಕೊಡಬೇಕೆಂದು ಯಾರಿಗೂ ತಿಳಿಯದೆ ಆನೆ, ಕುದುರೆ, ಒಡವೆ, ಕನ್ಯೆಯರನ್ನು ತಂದು ನಿಲ್ಲಿಸಿದರು. ಹಸ್ತಿನಾಪುರದಲ್ಲಿ ಶ್ರೇಯಾಂಸನೆಂಬ ರಾಜಕುಮಾರನಿಗೆ ಅವನನ್ನು ಕಂಡೊಡನೆ ಹಿಂದಿನ ಜನ್ಮ ನೆನಪಾಯಿತು. ಅಂದು ಕಾಡಿನಲ್ಲಿ ತಾವಿಬ್ಬರೂ ಮುನಿಗಳಿಗೆ ಅನ್ನವಿಕ್ಕಿದ್ದು ನೆನಪಾಯಿತು. ಅಂಜಲಿಗೆ ಕಬ್ಬಿನ ಹಾಲು ಸುರಿದ. ಆ ಶ್ರೇಯಾಂಸನೇ ಹಿಂದಿನ ಸ್ವಯಂಪ್ರಭೆ, ಹಿಂದಿನ ಶ್ರೀಮತಿ.

ತರಗತಿಯಲ್ಲಿ ಇದನ್ನು ಮೂವತ್ತು ವರ್ಷ ಹೇಳಿದ್ದೇನೆ. ಕಬ್ಬಿನ ಹಾಲಿನ ಬಳಿ ಬಂದಾಗ ಪ್ರತಿ ವರ್ಷವೂ ನನ್ನ ಗಂಟಲು ಕಟ್ಟುತ್ತಿತ್ತು.

ಮಾಸ್ತಿಯ ಕೈ, ಅರಸೀಕೆರೆ

ನನಗೆ ಅರವತ್ತೆಂಟು ವರ್ಷ. ಮೊಮ್ಮಗಳು ಓದಿ ಹೇಳುತ್ತಾಳೆ, ನಾನು ಹೇಳಿದ್ದನ್ನು ಅವಳೇ ಬರೆಯುತ್ತಿದ್ದಾಳೆ.

ಮಗಳೇ, ಸತ್ತವನಿಗೆ ಹೆಂಡತಿ ಇದ್ದಳೇ? ನಿಮ್ಮ ಏರಿಯ ಮೇಲೆ ವೀರಗಲ್ಲಿನ ಪಕ್ಕದಲ್ಲಿ ಮಾಸ್ತಿಕಲ್ಲು ಇದೆಯೇ ನೋಡು. ನಮ್ಮ ಹೊಲದ ಬದುವಿನಲ್ಲಿ ಒಂದಿದೆ. ಒಂದು ಕಂಬ, ಕಂಬದಿಂದ ಹೊರಟ ಒಂದು ತೋಳು, ಮೊಣಕೈ ಮಡಿಚಿ ಅಂಗೈ ಎತ್ತಿದೆ. ಮಣಿಕಟ್ಟಿನ ತುಂಬ ಬಳೆ. ಬೆರಳಿನ ನಡುವೆ ನಿಂಬೆಹಣ್ಣು. ಮೈ ಇಲ್ಲ, ಮುಖ ಇಲ್ಲ. ಬಳೆ ಮಾತ್ರ ಎಣಿಸಬಹುದು. ನಮ್ಮ ಅತ್ತೆ ಅದಕ್ಕೆ ಅರಿಸಿನ ಕುಂಕುಮ ಹಚ್ಚುತ್ತಿದ್ದರು, ನಾನೂ ಹಚ್ಚಿದ್ದೇನೆ. ಹಚ್ಚುವಾಗಲೆಲ್ಲ ಒಂದೇ ಯೋಚನೆ ಬರುತ್ತಿತ್ತು. ಗಂಡ ಸ್ವರ್ಗಕ್ಕೆ ಹೋದ ಎಂದು ಇವಳೂ ಬೆಂಕಿಗೆ ಇಳಿದಳು. ಅಲ್ಲಿ ಹೋಗಿ ನೋಡಿದಾಗ ಅವನ ಎರಡು ತೋಳಿಗೂ ಇಬ್ಬರು ಜೋತುಬಿದ್ದಿದ್ದರೆ ಇವಳು ಎಲ್ಲಿ ನಿಂತಳು?

ನಿನ್ನ ಸುರಾಂಗನೆಗೆ ಅವಳು ಎದುರಾಗಲಿ. ಎಂಟು ನೂರು ವರ್ಷ ಪ್ರೀತಿಯಲ್ಲಿ ಕಾದೆ ಎನ್ನುವವಳು ಆ ಕೈಯನ್ನೂ ಎಂಟು ನೂರು ವರ್ಷ ನೋಡಿರಬೇಕಲ್ಲವೇ?

ಹಾನುಬಾಳಿನವನು

ಕಾಫಿ ತೋಟದ ಕೂಲಿಯವರ ಲೈನು ಮನೆಯಲ್ಲಿ ಹುಟ್ಟಿ ಬೆಳೆದವನು ನಾನು. ಈಗ ಹಾಸನದಲ್ಲಿ ಕೆಲಸ. ನಿಮ್ಮ ಕಥೆಯಲ್ಲಿ ಒಂದು ವಾಕ್ಯ ಓದಿ ಮೊಬೈಲ್ ಕೆಳಗಿಟ್ಟುಬಿಟ್ಟೆ. ‘ಅವಳು ಅವನನ್ನು ಮುಟ್ಟುವಂತಿಲ್ಲ.’ ನೀವು ಅದನ್ನು ದೇವಲೋಕದ ಕಟ್ಟಳೆ ಎಂದು ಬರೆದಿದ್ದೀರಿ. ನಮ್ಮ ಮನೆಯವರು ಆ ಮಾತನ್ನು ಕೇಳಿದ್ದು ದೇವಲೋಕದಿಂದಲ್ಲ.

ನನ್ನ ಚಿಕ್ಕಮ್ಮ ಹಣ್ಣು ಕೊಯ್ಯಲು ಹೋಗುತ್ತಿದ್ದರು. ಪಕ್ಕದ ಊರಿನ, ನಮಗಿಂತ ಮೇಲಿನವರು ಎನ್ನಿಸಿಕೊಂಡ ಮನೆಯ ಹುಡುಗನೊಬ್ಬನಿಗೆ ಅವರ ಮೇಲೆ ಮನಸ್ಸಾಗಿತ್ತು, ಅವರಿಗೂ ಆಗಿತ್ತು. ಒಂದು ಸುಗ್ಗಿಯಷ್ಟು ಕಾಲ ನಡೆಯಿತು. ಅನಂತರ ಅವನನ್ನು ಬೆಂಗಳೂರಿಗೆ ಕಳುಹಿಸಿದರು, ಚಿಕ್ಕಮ್ಮನನ್ನು ವಾರದೊಳಗೆ ಕೊಡಗಿನ ಕಡೆ ಮದುವೆ ಮಾಡಿ ಕೊಟ್ಟರು. ಯಾರೂ ಸಾಯಲಿಲ್ಲ, ಹಾಗಾಗಿ ಯಾರೂ ಕಥೆ ಹೇಳುವುದಿಲ್ಲ. ನನಗೆ ಗೊತ್ತಾಗಿದ್ದು ಹೇಗೆಂದರೆ, ಅವರು ಇಂದಿಗೂ ಕಾಫಿ ಹೂವು ಅರಳಿದಾಗ ತೋಟದ ದಾರಿ ಬಿಟ್ಟು ಸುತ್ತು ಹಾಕಿ ರಸ್ತೆಯಲ್ಲಿ ನಡೆಯುತ್ತಾರೆ. ಆ ವಾಸನೆ ಅವರಿಗೆ ಆಗುವುದಿಲ್ಲ.

ನಿಮ್ಮ ಲೈನ್‌ಮನ್‌ಗೆ ಹೆಸರಿದೆ, ತಾಯಿಯಿದ್ದಾಳೆ, ಸೈಕಲ್ ಇದೆ. ಜಾತಿ ಹೇಳಿಲ್ಲ. ಹದಿನಾರು ಕಂತುಗಳಲ್ಲಿ ಅವನು ಎಷ್ಟೋ ಮನೆಗಳ ಮೀಟರ್ ನೋಡಲು ಹೋಗಿದ್ದಾನೆ. ಯಾವ ಮನೆಯವರು ಲೋಟದಲ್ಲಿ ನೀರು ಕೊಟ್ಟರು, ಯಾವ ಮನೆಯವರು ಹೊರಗಿನ ನಲ್ಲಿ ತೋರಿಸಿದರು ಎಂದು ಒಮ್ಮೆಯೂ ಬರೆದಿಲ್ಲ. ಹಾಸನ ಜಿಲ್ಲೆಯಲ್ಲಿ ಕುಳಿತು ನಿಷಿದ್ಧ ಪ್ರೇಮದ ಕಥೆ ಬರೆಯುವವರು ಇದನ್ನು ಬಿಟ್ಟರೆ, ಸುರಾಂಗನೆಯ ನಿಷೇಧ ನನಗೆ ನಾಟಕದ ಸೆಟ್ಟಿಂಗಿನಂತೆ ಕಾಣುತ್ತದೆ. ಕೋಪದಿಂದ ಹೇಳುತ್ತಿಲ್ಲ. ಕಥೆ ಇಷ್ಟವಾದದ್ದರಿಂದಲೇ ಹೇಳುತ್ತಿದ್ದೇನೆ.

ಹೂಮಳೆ, ಚಿಕ್ಕಮಗಳೂರು

ಹಾನುಬಾಳಿನವರೇ, ನಿಮ್ಮ ಚಿಕ್ಕಮ್ಮನ ಮಾತು ಓದಿ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ. ನಮ್ಮ ತೋಟದಲ್ಲಿಯೂ ಲೈನು ಮನೆಗಳಿವೆ. ನಮ್ಮ ಮನೆಯಲ್ಲಿ ಯಾವ ಲೋಟ ಎಲ್ಲಿರುತ್ತಿತ್ತು ಎಂಬುದು ನನಗೆ ನೆನಪಿದೆ. ಇದಕ್ಕಿಂತ ಹೆಚ್ಚು ಇಲ್ಲಿ ಬರೆಯಲಾರೆ.

ಆದರೂ ನನ್ನ ಬೇಡಿಕೆ ಹಾಗೆಯೇ ಇದೆ. ನಿಮ್ಮ ಚಿಕ್ಕಮ್ಮನಿಗಾಗಿಯೇ ಇಬ್ಬರೂ ಸೇರಬೇಕು.

ಯಗಚಿ ದಂಡೆ, ಬೇಲೂರು ತಾಲ್ಲೂಕು

ಹನ್ನೊಂದು ದಿನ ಏನೂ ಬರೆಯದೆ ಇದ್ದೆ. ಕ್ಷಮಿಸಿ. ಅಜ್ಜಿ ಹೇಳಿದ್ದರಿಂದ ಮೊದಲು ಏರಿಗೆ ಹೋದೆ. ಬೆಳಿಗ್ಗೆ ಒಂದು ಕೊಡ ನೀರು ಸುರಿದು ತೆಂಗಿನ ನಾರಿನಿಂದ ಕಲ್ಲು ಉಜ್ಜಿದೆ. ವೀರಗಲ್ಲಿನ ಹಿಂದೆ ಲಂಟಾನದ ಪೊದೆಯೊಳಗೆ ಮುರಿದ ಮಾಸ್ತಿಕಲ್ಲು ಸಿಕ್ಕಿತು. ಮೊಣಕೈಯಿಂದ ಮೇಲೆ ಮಾತ್ರ ಉಳಿದಿದೆ. ಬಳೆಗಳನ್ನು ಎಣಿಸಿದೆ, ಏಳು. ನಲವತ್ತು ವರ್ಷ ಅಲ್ಲಿಯೇ ಓಡಾಡಿದ ನನಗೆ ಅದು ಕಂಡಿರಲಿಲ್ಲ. ಸುರಾಂಗನೆ ಕುತ್ತಿಗೆ ತಿರುಗಿಸಿ ನೋಡುತ್ತಿರುವುದು ಗೆಳೆಯನನ್ನೋ, ಈ ಕೈಯನ್ನೋ ಎಂದು ಈಗ ಖಚಿತವಾಗಿ ಹೇಳಲಾರೆ. ಎರಡನೆಯ ಕಂತನ್ನು ಮತ್ತೆ ಬರೆಯುತ್ತಿದ್ದೇನೆ. ಅದರಲ್ಲಿ ಆ ಹೆಣ್ಣು ಬರುತ್ತಾಳೆ.

ಹಾನುಬಾಳಿನವರೇ, ನೀವು ಹೇಳಿದ್ದು ಸರಿ. ಜಾತಿ ಬರೆಯದೆ ಬಿಟ್ಟದ್ದು ಮರೆತು ಅಲ್ಲ, ಹೆದರಿ. ನಮ್ಮ ಊರಿನವರೂ ಓದುತ್ತಾರೆ. ಈಗ ಬರೆಯುತ್ತೇನೆ. ಮೀಟರ್ ನೋಡಲು ಹೋದ ಮನೆಯ ಜಗಲಿಯಲ್ಲಿ ಅವನು ಬೊಗಸೆಯೊಡ್ಡಿ ನೀರು ಕುಡಿಯುವುದನ್ನು ಅವಳು ನೋಡುತ್ತಾಳೆ. ‘ಮುಟ್ಟುವಂತಿಲ್ಲ’ ಎಂಬುದು ತನಗೊಬ್ಬಳಿಗೇ ವಿಧಿಸಿದ್ದು ಎಂದು ಅಷ್ಟು ಕಾಲ ತಿಳಿದಿದ್ದವಳಿಗೆ ಅಂದು ಬೇರೆ ಅರ್ಥ ತಿಳಿಯುತ್ತದೆ.

ಮೇಷ್ಟ್ರೇ, ಊರಿಗಾಗಿ ಸತ್ತವನು ವೀರ ಎಂಬ ನಿಮ್ಮ ಒಂದು ಸಾಲು ನನ್ನ ಗಂಟನ್ನು ಬಿಚ್ಚಿತು. ಆಷಾಢದ ರಾತ್ರಿ, ಗಾಳಿಗೆ ತಂತಿ ಹರಿದಿದೆ, ಅವನು ಕಂಬದ ಮೇಲಿದ್ದಾನೆ. ಲೈನ್ ಆಫ್ ಮಾಡಿದ್ದೇವೆ ಎಂದು ಕೆಳಗಿನಿಂದ ಫೋನಿನಲ್ಲಿ ಹೇಳಿದ್ದಾರೆ, ಆದರೆ ಎಲ್ಲಿಂದಲೋ ವಿದ್ಯುತ್ ಹಿಂದಕ್ಕೆ ಹರಿಯುತ್ತಿದೆ. ಅದು ಅವಳಿಗೆ ಕಾಣುತ್ತದೆ. ಅವನು ಸತ್ತರೆ ಅವಳವನು, ಕಟ್ಟಳೆಯ ಪ್ರಕಾರವೇ ಅವಳವನು. ಎಂಟು ನೂರು ವರ್ಷ ಕಾದದ್ದಕ್ಕೆ ಬಟವಾಡೆ ಸಿಗುವ ಗಳಿಗೆ. ಅವಳು ಸುಮ್ಮನೆ ನಿಂತಿದ್ದರೆ ಸಾಕು. ಅವಳು ಕೈ ಚಾಚಿ ಅವನ ಮುಂಗೈ ಹಿಡಿದು ಹಿಂದಕ್ಕೆ ಎಳೆಯುತ್ತಾಳೆ. ಬದುಕಿರುವವನನ್ನು ಮುಟ್ಟುತ್ತಾಳೆ.

ಕೆಂಪುಹೊಳೆ, ಅದಕ್ಕೂ ಮೊದಲಿನ ಕಂತಿನಲ್ಲಿ ಅವನು ಅವಳನ್ನು ಎಲ್ಲ ಕೇಳುತ್ತಾನೆ, ಅವಳು ಎಲ್ಲ ಹೇಳುತ್ತಾಳೆ. ಸತ್ತರೆ ನಿನ್ನ ಜೊತೆ ಬರಬಹುದೇ ಎಂದು ಅವನೇ ಕೇಳಿ, ನನಗೆ ಬದುಕಬೇಕು ಎಂದು ಅವನೇ ಹೇಳುತ್ತಾನೆ. ಅವನು ತಿಳಿದು ಆರಿಸಿದ್ದನ್ನೇ ಅವಳು ಕಂಬದ ಬಳಿ ಕಾಪಾಡುತ್ತಾಳೆ. ಆ ಮಾತುಕತೆಯನ್ನು ನಿಮ್ಮಿಂದಾಗಿ ಬರೆದೆ. ಇಡೀ ಕಥೆಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಈಗ ಅದೇ.

ಮುಟ್ಟಿದ ಕ್ಷಣ ಅವಳ ಕಣ್ಣು ಮೊದಲ ಸಲ ಮಿಟುಕುತ್ತದೆ. ಹಾರ ಬಾಡುತ್ತದೆ. ಮಳೆ ಅವಳನ್ನು ಒದ್ದೆ ಮಾಡುತ್ತದೆ. ಅಲ್ಲಿಗೆ ಅವಳಿಲ್ಲ.

ಹೂಮಳೆ, ಇಲ್ಲಿಂದ ಮುಂದಿನದನ್ನು ಸಮಾಧಾನವಾಗಿ ಓದು. ಅವಳು ಎಲ್ಲೋ ಒಂದು ಮನೆಯಲ್ಲಿ ಮಗುವಾಗಿ ಹುಟ್ಟುತ್ತಾಳೆ. ಈ ಸಲ ಮರೆವು ಅವಳ ಪಾಲಿಗೆ, ನೆನಪು ಅವನ ಪಾಲಿಗೆ. ಅವನು ಅವಳನ್ನು ಹುಡುಕಿಕೊಂಡು ಹೋಗುವುದಿಲ್ಲ. ಮದುವೆಯಾಗುತ್ತಾನೆ, ಮಕ್ಕಳಾಗುತ್ತವೆ, ನಿವೃತ್ತನಾಗುತ್ತಾನೆ. ಎಪ್ಪತ್ತು ದಾಟಿದ ಮೇಲೆ ಒಂದು ಮಧ್ಯಾಹ್ನ ಚನ್ನರಾಯಪಟ್ಟಣದ ಹತ್ತಿರ ಬಸ್ ಕೆಟ್ಟು ನಿಂತಾಗ ಪಕ್ಕದ ಆಲೆಮನೆಯ ನೆರಳಿಗೆ ಹೋಗಿ ಕುಳಿತುಕೊಳ್ಳುತ್ತಾನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ, ಮರದ ಅಚ್ಚುಗಳನ್ನು ತೊಳೆದು ಸಾಲಾಗಿ ಇಟ್ಟಿರುತ್ತಾರೆ. ಅಲ್ಲಿನ ಯಜಮಾನಿ ಯಾರ ಕೂಡವೋ ಲೆಕ್ಕ ಮಾತನಾಡುತ್ತಿದ್ದವಳು ಒಮ್ಮೆ ಅವನ ಕಡೆ ತಿರುಗಿ ನೋಡುತ್ತಾಳೆ. ಯಾರು ನೀವು, ಯಾವ ಊರು, ಯಾರ ಪೈಕಿ ಎಂದು ಏನನ್ನೂ ಕೇಳದೆ ಗಾಣದ ಬಾಯಿಗೆ ಲೋಟ ಹಿಡಿಯುತ್ತಾಳೆ. ನಿಂಬೆ ಹಿಂಡಿ ತಂದು ಅವನ ಕೈಗೆ ಕೊಡುತ್ತಾಳೆ. ಕೊಡುವಾಗ ಅವಳ ಬೆರಳು ಅವನ ಬೆರಳಿಗೆ ತಾಗುತ್ತದೆ.

ಇಲ್ಲಿಯವರೆಗೆ ಬರೆದಿದ್ದೇನೆ. ಭಾನುವಾರ ಹಾಕುತ್ತೇನೆ.

ಹೂಮಳೆ, ಚಿಕ್ಕಮಗಳೂರು

ಅಕ್ಕಾ, ನಾನು ಕೇಳಿದ್ದು ಇದಲ್ಲ. ಎರಡು ಸಲ ಓದಿದೆ, ಅತ್ತುಬಿಟ್ಟೆ, ಇನ್ನೂ ಒಪ್ಪಿಲ್ಲ.

ಒಂದೇ ಒಂದು ಕೇಳುತ್ತೇನೆ. ಅವನು ಲೋಟ ಹಿಂದಿರುಗಿಸುವಾಗ ಅವಳ ಕೈಯಲ್ಲಿ ಏಳು ಬಳೆ ಇರಲಿ.

ಮಾಸ್ತಿಯ ಕೈ, ಅರಸೀಕೆರೆ

ಏಳು ಬೇಡ, ಎಂಟಿರಲಿ. ಒಂದನ್ನು ಇವಳೇ ಹೋಗಿ ಸಂತೆಯಲ್ಲಿ ತೊಡಿಸಿಕೊಂಡದ್ದು ಎಂದು ಬರಿ.